ಮಂಡಿ ನೋವಿರೋ ಅಮ್ಮನ್ನ ಹಡಗಲ್ಲಿ ಲಕ್ಷದ್ವೀಪಕ್ಕೆ ಕಳಿಸ್ಬೋದಾ?

ನೀವು ಕೇಳಿರೋದು ಓದಿ ನನ್ನ ಮಗಳೇ ಕೇಳ್ದಂಗಾಯ್ತು. ಅಪ್ಪಂಗೆ 68, ಅಮ್ಮಂಗೆ 63, ಮದುವೆಯಾಗಿ 40 ವರ್ಷ ತುಂಬ್ತಿದೆ, ಇಬ್ರನ್ನೇ ಹಡಗಲ್ಲಿ ಲಕ್ಷದ್ವೀಪಕ್ಕೆ ಕಳಿಸ್ಬೇಕು ಅಂತ ಆಸೆ, ಆದ್ರೆ ಅಮ್ಮಂಗೆ ಮಂಡಿ ನೋವು, ಹೋಗ್ಬೋದಾ, ಹೋದ್ರೆ ಮುಂಬೈ ಕಡೆಯಿಂದ ಹೋಗೋ ದೊಡ್ಡ ಕ್ರೂಸಾ ಇಲ್ಲ ಕೊಚ್ಚಿಯಿಂದ ಹೋಗೋ ಸರ್ಕಾರಿ ಹಡಗಾ ಅಂತ ಕೇಳಿದೀರಿ. ನಾನು, ನಮ್ಮನೆಯವ್ರು 2019ರ ಫೆಬ್ರವರಿಲಿ ಕೊಚ್ಚಿಯಿಂದ ಹೋಗಿ ಬಂದ್ವಿ. ಆಗ ನಂಗೆ 61, ಅವರಿಗೆ 67. ನನ್ನ ಬಲಗಡೆ ಮಂಡಿ ಆಗ್ಲೇ ಸವೆದಿತ್ತು, ಹಾಗಾಗಿ ನಿಮ್ಮಮ್ಮನ ಜಾಗದಲ್ಲಿ ನಿಂತು ಉತ್ತರ ಕೊಡ್ತೀನಿ.

ಖಂಡಿತ ಕಳಿಸಿ. ಆದ್ರೆ ಅಲ್ಲಿ ಕಷ್ಟ ಇರೋದು ಸಮುದ್ರದಲ್ಲೂ ಅಲ್ಲ, ಹಡಗಲ್ಲೂ ಅಲ್ಲ, ಹಡಗಿಂದ ದೋಣಿಗೆ ಇಡೋ ಒಂದೇ ಒಂದು ಹೆಜ್ಜೆಲಿ. ಇದನ್ನ ನಮಗೆ ಯಾರೂ ಮುಂಚೆ ಹೇಳಿರ್ಲಿಲ್ಲ.

ಮೊದ್ಲು ಹಡಗಿನ ವಿಷಯ. ನಾವು ಹೋಗಿದ್ದು ಎಂ.ವಿ. ಕವರತ್ತಿ ಅನ್ನೋ ಹಡಗಲ್ಲಿ, ಲಕ್ಷದ್ವೀಪ ಆಡಳಿತದವರ ಸ್ಪೋರ್ಟ್ಸ್ ಅನ್ನೋ ಪ್ರವಾಸದ ಸಂಸ್ಥೆ ನಡೆಸೋ ಸಮುದ್ರಂ ಪ್ಯಾಕೇಜು. ಐದು ದಿನ, ರಾತ್ರಿ ಎಲ್ಲಾ ಹಡಗಲ್ಲೇ ಪ್ರಯಾಣ, ನಿದ್ದೆ, ಹಗಲಿಗೆ ದಿನಕ್ಕೊಂದು ದ್ವೀಪ. ನಮ್ಮ ಸಲ ಮೊದ್ಲು ಕಲ್ಪೇನಿ, ಆಮೇಲೆ ಮಿನಿಕಾಯ್, ಕೊನೆಗೆ ಕವರತ್ತಿ. ಸುಮಾರು 700 ಜನ ಹಿಡಿಯೋ ಹಡಗು ಅದು, ಆದ್ರೆ ಟೂರಿಸ್ಟ್‌ಗಳಿಗೆ ಅಂತಲೇ ಇರೋದಲ್ಲ, ದ್ವೀಪದವರಿಗೆ ಅದೇ ಬಸ್ಸು. ಕೊಚ್ಚಿ ಆಸ್ಪತ್ರೆಗೆ ಬಂದು ವಾಪಸ್ ಹೋಗೋರು, ಕಾಲೇಜು ಮಕ್ಳು, ಕೂಸು ಎತ್ಕೊಂಡಿರೋ ಬಾಣಂತಿ, ಫ್ಯಾನು ಮಿಕ್ಸಿ ಡಬ್ಬ ಹೊತ್ಕೊಂಡೋರು ಎಲ್ಲಾ ಅದ್ರಲ್ಲೇ. ನಂಗೆ ಅದು ಬಹಳ ಇಷ್ಟ ಆಯ್ತು, ಊರ ಕಡೆ ಬಸ್ಸಲ್ಲಿ ಹೋದಂಗೇ ಪಕ್ಕದಲ್ಲಿ ಕೂತೋರು ಎಲ್ಲಿಂದ ಬಂದ್ರಿ, ಎಷ್ಟು ಮಕ್ಳು ಅಂತ ಮಾತಾಡಿಸ್ತಾರೆ. ಇಬ್ರಿಗೇ ಒಂದು ರೂಮು ಬೇಕಂದ್ರೆ ಡೈಮಂಡ್ ಕ್ಲಾಸು, ನಾಲ್ಕು ಜನದ್ದು ಗೋಲ್ಡು. ಅಮ್ಮಂಗೆ ಮಂಡಿ ನೋವು ಅಂದ್ಮೇಲೆ ಎರಡು ಮಂಚದ್ದೇ ಮಾಡ್ಸಿ. ನಾಲ್ಕು ಜನದ ರೂಮಲ್ಲಿ ಮೇಲಿನ ಬರ್ತ್ ಸಿಕ್ಕಿಬಿಟ್ರೆ ರಾತ್ರಿ ಬಾತ್ರೂಮಿಗೆ ಏಳೋದು ಕಷ್ಟ.

ಮುಂಬೈ ಕಡೆಯಿಂದ ಬರೋ ದೊಡ್ಡ ಕ್ರೂಸ್‌ನಲ್ಲಿ ಲಿಫ್ಟು, ಈಜುಕೊಳ, ಸಂಜೆಗೆ ಶೋ ಎಲ್ಲಾ ಇರುತ್ತೆ, ಹಡಗಿನ ಒಳಗಡೆ ಓಡಾಟ ಸುಲಭ, ಅದಂತೂ ನಿಜ. ಆದ್ರೆ ದ್ವೀಪ ನೋಡೋಕೆ ಸಿಗೋ ಹೊತ್ತು ಕಮ್ಮಿ, ಅಲ್ಲೂ ದ್ವೀಪಕ್ಕೆ ಇಳಿಯೋದು ದೋಣಿಲೇ. ನಿಮ್ಮಪ್ಪ ಅಮ್ಮಂಗೆ ಹಡಗು ನೋಡೋ ಆಸೆನಾ ದ್ವೀಪ ನೋಡೋ ಆಸೆನಾ, ಅದನ್ನ ಕೇಳಿ ತೀರ್ಮಾನ ಮಾಡಿ.

ಈಗ ಆ ಹೆಜ್ಜೆ ವಿಷಯ. ಈ ದ್ವೀಪಗಳ ಸುತ್ತ ಹವಳದ ದಿಬ್ಬ ಇರುತ್ತೆ, ಅದರ ಒಳಗಡೆ ನೀರು ಆಳ ಇಲ್ಲ, ಹಾಗಾಗಿ ದೊಡ್ಡ ಹಡಗು ಹೊರಗಡೆ ಆಳದಲ್ಲೇ ನಿಂತ್ಕೊಳ್ಳುತ್ತೆ. ಅಲ್ಲಿಂದ ಮೋಟಾರ್ ದೋಣಿಲಿ ಕರ್ಕೊಂಡು ಹೋಗ್ತಾರೆ. ಹಡಗಿನ ಪಕ್ಕದಲ್ಲಿ ನೀರಿಗೆ ಹತ್ರ ಒಂದು ಬಾಗ್ಲು ತೆಗೀತಾರೆ, ದೋಣಿ ಬಂದು ಅದಕ್ಕೆ ಒರಗಿ ನಿಲ್ಲುತ್ತೆ. ನಿಲ್ಲುತ್ತೆ ಅಂದ್ರೆ ಎಲ್ಲಿ ನಿಲ್ಲುತ್ತೆ, ಅಲೆ ಬಂದಾಗ ಬಾಗಿಲ ಸಮಕ್ಕೆ ಏರುತ್ತೆ, ಮತ್ತೆ ಸೊಂಟದಷ್ಟು ಕೆಳಗೆ ಇಳಿಯುತ್ತೆ, ಮತ್ತೆ ಏರುತ್ತೆ. ಅದು ಮೇಲೆ ಬಂದ ಆ ಒಂದು ಗಳಿಗೆಲಿ ಕಾಲಿಡ್ಬೇಕು. ಈ ಕಡೆ ಇಬ್ರು ಹಿಡ್ಕೊಂಡಿರ್ತಾರೆ, ಆ ಕಡೆ ಇಬ್ರು ಹಿಡ್ಕೊಳ್ಳೋಕೆ ಕೈ ಚಾಚಿರ್ತಾರೆ.

ಕಲ್ಪೇನಿಲಿ ನಾನು ಇಳೀಲೇ ಇಲ್ಲ. ಬಾಗಿಲ ತನಕ ಹೋದೆ, ನನ್ನ ಮುಂದೆ ಇದ್ದ ಚಿಕ್ಕ ವಯಸ್ಸಿನ ಹುಡುಗಿ ಟಣ್ ಅಂತ ದಾಟಿದ್ಲು, ನಾನು ಕೆಳಗೆ ನೋಡ್ದೆ, ದೋಣಿಗೂ ಹಡಗಿಗೂ ನಡುವೆ ಕಡುನೀಲಿ ನೀರು ಬಾಯಿ ತೆಗೆದು ಮುಚ್ತಿತ್ತು, ಕಾಲು ಅಲ್ಲೇ ಕಲ್ಲಾಯ್ತು. ನಾನು ಬರಲ್ಲ ನೀವು ಹೋಗ್ಬನ್ನಿ ಅಂತ ಅವರನ್ನ ಕಳಿಸ್ಬಿಟ್ಟೆ. ಅವ್ರು ನಾನೂ ಇಲ್ಲೇ ಇರ್ತೀನಿ ಅಂದ್ರು, ಬೇಡ ಅಂತ ನಾನೇ ಹಠ ಮಾಡ್ದೆ. ಆಮೇಲೆ ಡೆಕ್ ಮೇಲೆ ಕೂತ್ಕೊಂಡು ದೂರದಲ್ಲಿ ತೆಂಗಿನ ಮರದ ಸಾಲು, ಅದರ ಮುಂದೆ ತಿಳಿಹಸಿರು ನೀರು ನೋಡ್ತಾ ಇದ್ದೆ. ನಾವು ತೀರ್ಥಹಳ್ಳಿ ಕಡೆಯೋರು, ಸಮುದ್ರ ಅಂದ್ರೆ ಮರವಂತೆಲಿ ಬಸ್ಸಿನ ಕಿಟಕಿಯಿಂದ ಕಂಡಿದ್ದು. ಇಷ್ಟು ದೂರ ಬಂದು ಕಾಲಿಡೋಕೆ ಆಗ್ಲಿಲ್ವಲ್ಲ ಅಂತ ಅಳು ಬಂತು, ಅತ್ತೂಬಿಟ್ಟೆ.

ಸಂಜೆ ಅವ್ರು ವಾಪಸ್ ಬಂದಾಗ ಪ್ಯಾಂಟೆಲ್ಲಾ ಮಂಡಿ ತನಕ ಒದ್ದೆ, ಮುಖ ಬಿಸ್ಲಿಗೆ ಕೆಂಪಾಗಿತ್ತು. ಅಲ್ಲಿ ದಡದಲ್ಲಿ ದೊಡ್ಡ ದೊಡ್ಡ ಹವಳದ ಕಲ್ಲು ರಾಶಿ ಬಿದ್ದಿದೆ, 1847ರ ಚಂಡಮಾರುತ ಸಮುದ್ರದೊಳಗಿಂದ ಎತ್ತಿ ಎಸೆದಿದ್ದಂತೆ ಅಂತ ಶುರು ಮಾಡಿದ್ರು, ನಾನು ಕೇಳಿಸ್ಕೊಳ್ತಿಲ್ಲ ಅಂತ ಗೊತ್ತಾಗಿ ಸುಮ್ನಾದ್ರು. ಆಮೇಲೆ ಜೇಬಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಲಿಟ್ರು. ಒಣಗಿದ ಎಲೆಲಿ ಸುತ್ತಿ ನಾರಲ್ಲಿ ಕಟ್ಟಿದ್ದು. ಬಿಚ್ಚಿದ್ರೆ ಕಂದು ಬಣ್ಣದ ಉಂಡೆ, ಕಾಯಿತುರಿ ಬೆಲ್ಲ ಹಾಕಿ ಕಾಯಿಸಿದ್ದು, ಬಾಯಿಗಿಟ್ರೆ ಥೇಟ್ ನಮ್ಮನೆ ಚೌತಿ ಕಡುಬಿನ ಹೂರಣ, ಏಲಕ್ಕಿ ಒಂದು ಇರ್ಲಿಲ್ಲ. ನಾಳೆ ನೀನೇ ಬಂದು ಬಿಸಿಬಿಸಿದು ತಿನ್ನು ಅಂದ್ರು.

ಮಾರನೇ ದಿನ ಮಿನಿಕಾಯ್. ಅವತ್ತು ನಾನು ಬೆಳಿಗ್ಗೇನೇ ಆ ಬಾಗಿಲ ಹತ್ರ ಇದ್ದ ಸಿಬ್ಬಂದಿಗೆ ಹೋಗಿ ಹೇಳ್ದೆ, ನಂಗೆ ಮಂಡಿ ನೋವಿದೆ, ಹೆದರಿಕೆನೂ ಇದೆ ಅಂತ. ಅಷ್ಟೇ ನೋಡಿ ಬೇಕಾಗಿದ್ದಿದ್ದು. ಎಲ್ಲರೂ ಇಳಿಯೋ ತನಕ ಕೂರಿಸ್ಕೊಂಡ್ರು, ಗಲಾಟೆ ಕಮ್ಮಿಯಾದ್ಮೇಲೆ ಒಬ್ಬ ಹುಡುಗ ನನ್ನ ಮೊಣಕೈ ಕೆಳಗೆ ಕೈಯಿಟ್ಟು ಹಿಡ್ಕೊಂಡ, ಅಮ್ಮೇ, ಪೇಡಿಕ್ಕಂಡ ಅಂದ, ಹೆದರ್ಬೇಡಿ ಅಂತ. ದೋಣಿ ಎರಡು ಸಲ ಏರಿ ಇಳೀತು, ಸುಮ್ನೆ ನಿಂತಿದ್ದ. ಮೂರನೇ ಸಲಕ್ಕೆ ನನ್ನ ಅರ್ಧ ಭಾರ ಅವನೇ ಎತ್ತಿದ ಅನ್ಸುತ್ತೆ, ಕಾಲಿಟ್ಟಿದ್ದು ಗೊತ್ತಾಗೋದ್ರೊಳಗೆ ದೋಣಿಲಿ ಕೂತಿದ್ದೆ. ನೋಯ್ತಿರೋ ಕಾಲು ಮೊದ್ಲು ಇಡ್ಬೇಡಿ, ಗಟ್ಟಿ ಕಾಲು ಮುಂದೆ ಇಡಿ ಅಂತ ಹೇಳ್ಕೊಟ್ಟಿದ್ದೂ ಅವನೇ. ಇದನ್ನ ನಿಮ್ಮಮ್ಮಂಗೆ ಹೇಳಿ. ಇನ್ನೊಂದು, ಕೈಲಿ ಬ್ಯಾಗು ಹಿಡ್ಕೊಳ್ಳೋದೇ ಬೇಡ, ಸೀರೆ ಬದ್ಲು ಚೂಡಿದಾರ ಹಾಕ್ಕೊಳ್ಳಲಿ, ಚಪ್ಪಲಿಗೆ ಹಿಂದೆ ಪಟ್ಟಿ ಇರ್ಲಿ.

ಮಿನಿಕಾಯ್ ಬೇರೆ ಲೋಕ. ಉಳಿದ ದ್ವೀಪದಲ್ಲಿ ಆಡೋದು ಮಲಯಾಳಂ ತರದ ಭಾಷೆ, ಇಲ್ಲಿ ಮಹಲ್ ಅಂತಾರೆ, ಮಾಲ್ಡೀವ್ಸ್ ಕಡೆ ಮಾತು, ಬರೆಯೋದು ಬಲದಿಂದ ಎಡಕ್ಕೆ. ಗಂಡಸರು ತುಂಬಾ ಜನ ದೇಶ ದೇಶದ ಹಡಗಲ್ಲಿ ಕೆಲಸಕ್ಕಿರ್ತಾರೆ, ಮನೆ ಊರು ಎಲ್ಲಾ ಹೆಂಗಸ್ರ ಕೈಲಿ. 1885ರಲ್ಲಿ ಬ್ರಿಟಿಷರು ಕಟ್ಟಿದ ಲೈಟ್‌ಹೌಸ್ ಇದೆ, ನಮ್ಮನೆಯವ್ರು ಮೇಲೆ ತನಕ ಹತ್ತಿದ್ರು, ನಾನು ಬುಡದಲ್ಲಿ ನೆರಳಲ್ಲಿ ಕೂತೆ, ಅದಕ್ಕೆ ಬೇಜಾರಾಗ್ಲಿಲ್ಲ. ನಿಮ್ಮಮ್ಮಂಗೂ ಅದನ್ನ ಹತ್ತೋಕೆ ಹೇಳ್ಬೇಡಿ. ಊಟಕ್ಕೆ ಟ್ಯೂನಾ ಸಾರು, ನಮ್ಮ ಕರಾವಳಿಲಿ ಕೇದರ ಅಂತಾರಲ್ಲ ಅದೇ ಮೀನು. ಅದನ್ನ ಬೇಯಿಸಿ, ಹೊಗೆಲಿಟ್ಟು, ಕಟ್ಟಿಗೆ ತರ ಗಟ್ಟಿಯಾಗೋ ತನಕ ಒಣಗಿಸಿ ಮಾಸ್ ಅಂತ ಮಾಡ್ತಾರೆ, ಒಂದು ತುಂಡು ಪುಡಿ ಮಾಡಿ ಕಾಯಿ ಜೊತೆ ಕಲಸಿದ್ರೆ ನಮ್ಮ ಒಣಮೀನು ಚಟ್ನಿಗೆ ಹತ್ರ ಹತ್ರ. ನಿಮ್ಮನೇಲಿ ಮೀನು ತಿನ್ನಲ್ಲ ಅಂದ್ರೆ ಬುಕಿಂಗ್ ಮಾಡ್ವಾಗ್ಲೇ ಹೇಳಿಬಿಡಿ, ಹಡಗಲ್ಲಿ ಅನ್ನ ಸಾಂಬಾರು ಉಪ್ಪಿಟ್ಟಿಗೆ ಏನೂ ತೊಂದ್ರೆ ಇರ್ಲಿಲ್ಲ.

ಕವರತ್ತಿ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ನಿಮ್ಮಪ್ಪನ ಬಗ್ಗೆ ನೀವು ಏನೂ ಕೇಳಿಲ್ಲ. ನಮ್ಮನೆಯವ್ರು ಪುರಸಭೆಲಿ ನೀರು ಸರಬರಾಜಲ್ಲಿದ್ರು, ಜೀವಮಾನ ಪೂರ್ತಿ ತುಂಗಾ ನದಿ ಪಂಪ್‌ಹೌಸಲ್ಲೇ ಕಳೆದೋರು. ರಿಟೈರ್ ಆದ್ಮೇಲೆ ಮಾತು ಕಮ್ಮಿ ಮಾಡ್ಬಿಟ್ಟಿದ್ರು. ಕವರತ್ತಿಲಿ ಮಧ್ಯಾಹ್ನ ಕುಡಿಯೋಕೆ ಕೊಟ್ಟ ನೀರು ಎಲ್ಲಿಂದು ಅಂತ ಕೇಳಿದ್ರು, ಸುತ್ತ ಉಪ್ಪುನೀರು, ನದಿ ಇಲ್ಲ, ಹಳ್ಳ ಇಲ್ಲ. ಸಮುದ್ರದ್ದೇ ನೀರು ಅಂದ್ರು. 2005ರಲ್ಲಿ ಶುರುವಾದ ಘಟಕ ಅಂತೆ, ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆಯೋರು ಮಾಡಿದ್ದು, ದಿನಕ್ಕೆ ಒಂದು ಲಕ್ಷ ಲೀಟರು. ಮೇಲಿನ ಬೆಚ್ಚಗಿನ ನೀರನ್ನ ಗಾಳಿ ತೆಗೆದ ಟ್ಯಾಂಕಿಗೆ ಬಿಡ್ತಾರೆ, ಅಲ್ಲಿ ಒತ್ತಡ ಬಹಳ ಕಮ್ಮಿ ಇರೋದ್ರಿಂದ ಒಲೆ ಇಲ್ದೇನೇ ಒಂದಿಷ್ಟು ಆವಿಯಾಗುತ್ತೆ, ಸುಮಾರು 350 ಮೀಟರ್ ಆಳದಿಂದ ಪೈಪಲ್ಲಿ ತಣ್ಣೀರು ಎಳೆದು ಆ ಆವಿನ ತಣ್ಣಗೆ ಮಾಡಿದ್ರೆ ಸಿಹಿನೀರು. ಇದನ್ನ ನಂಗೆ ಬಿಡಿಸಿ ಹೇಳಿದ್ದು ನಮ್ಮನೆಯವ್ರೇ, ಮರಳ ಮೇಲೆ ಕಡ್ಡಿಲಿ ಪೈಪಿನ ಚಿತ್ರ ಬರೆದು. ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದ್ರು, ಇನ್ನೊಂದು ಲೋಟ ಕೇಳಿ ಇಸ್ಕೊಂಡು ಕುಡಿದ್ರು. ಅಷ್ಟು ಹೊತ್ತು ಒಂದೇ ಸಮ ಅವ್ರು ಮಾತಾಡಿದ್ದು ನಾನು ಎಷ್ಟೋ ವರ್ಷದಿಂದ ಕೇಳಿರ್ಲಿಲ್ಲ. ನಿಮ್ಮಪ್ಪ ಏನು ಕೆಲಸದಲ್ಲಿದ್ರೋ ಗೊತ್ತಿಲ್ಲ, ಅವರಿಗೆ ಹಿಡಿಸೋ ಅಂಥದ್ದು ಅಲ್ಲೇನಿದೆ ಅಂತ ಒಂಚೂರು ಹುಡುಕಿ ಕಿವಿಗೆ ಹಾಕಿ ಕಳಿಸಿ.

ಅಲ್ಲೇ ಒಬ್ಬ ಅಜ್ಜ ಸಿಕ್ಕಿದ್ರು, ಅರ್ಧ ಹಿಂದಿ ಅರ್ಧ ಮಲಯಾಳಂ. ಕರ್ನಾಟಕ ಅಂದ ತಕ್ಷಣ ಮಂಗಳೂರಾ ಅಂದ್ರು. ಅವರ ಮೂಲ ಊರು ಅಮಿನಿ ದ್ವೀಪ. ಈಗ್ಲೂ ಮಂಗಳೂರು ಬಂದರಿಂದ ಮಂಜಿ ಅನ್ನೋ ಮರದ ಹಡಗಲ್ಲಿ ದಿನಸಿ, ತರಕಾರಿ, ಮನೆ ಕಟ್ಟೋ ಜಲ್ಲಿ ಎಲ್ಲಾ ಬರುತ್ತಂತೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಇಷ್ಟೂ ಬ್ರಿಟಿಷರ ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡಕ್ಕೆ ಸೇರಿದ್ದು, ಬೇರೆ ಆಗಿದ್ದು 1956ರ ನವೆಂಬರ್ 1ಕ್ಕೆ. ನಾನು ಶಾಲೆಲಿ ಟೀಚರ್ ಆಗಿದ್ದೋಳು, ಅಷ್ಟು ವರ್ಷ ನವೆಂಬರ್ 1ಕ್ಕೆ ಬಾವುಟ ಹಾರಿಸಿ ಮಕ್ಳಿಗೆ ರಾಜ್ಯೋತ್ಸವದ ಬಗ್ಗೆ ಹೇಳಿದೀನಿ, ಅವತ್ತೇ ಈ ದ್ವೀಪಗಳೂ ಕೇಂದ್ರಾಡಳಿತ ಆಗಿದ್ದು ಅಂತ ಒಂದು ಸಲಾನೂ ಹೇಳಿರ್ಲಿಲ್ಲ.

ಅಮ್ಮಂಗೆ ಕವರತ್ತಿಲಿ ಗಾಜಿನ ತಳದ ದೋಣಿ ತಪ್ಪಿಸ್ಬೇಡಿ. ಈಜು ಬರ್ಬೇಕಾಗಿಲ್ಲ, ಬಗ್ಗಬೇಕಾಗಿಲ್ಲ, ಕೂತಲ್ಲೇ ಕಾಲಡಿಲಿ ಹವಳ, ಅರಿಶಿನ ಬಣ್ಣದ ಮೀನು, ನಮಗೆ ಒಂದು ಆಮೆನೂ ಕಾಣಿಸ್ತು, ದೊಡ್ಡ ಹರಿವಾಣದಷ್ಟಿತ್ತು, ಮೇಯೋ ದನದ ತರ ಆರಾಮಾಗಿ ಸಮುದ್ರದ ತಳದ ಹುಲ್ಲು ಕಿತ್ತು ತಿಂತಿತ್ತು. ಚಿಪ್ಪು ಹವಳ ಏನೂ ಎತ್ಕೊಂಡು ಬರ್ಬಾರ್ದು, ಹವಳ ಎತ್ಕೊಂಡು ಬರೋದು ಕಾನೂನಿಗೆ ವಿರುದ್ಧ, ಅದನ್ನ ಮೊದ್ಲೇ ಹೇಳಿರಿ.

ಇನ್ನು ತಯಾರಿ. ಮೇ ಮಧ್ಯದಿಂದ ಮಳೆಗಾಲ ಮುಗಿಯೋ ತನಕ ಬೇಡವೇ ಬೇಡ, ಡಿಸೆಂಬರಿಂದ ಮಾರ್ಚ್ ಒಳಗೆ ನೋಡಿ, ಸಮುದ್ರ ಶಾಂತ ಇದ್ದಷ್ಟೂ ಆ ಹೆಜ್ಜೆ ಸುಲಭ. ಭಾರತದವರಿಗೂ ಪರ್ಮಿಟ್ ಬೇಕು, ನಮಗಾಗ ಪೊಲೀಸ್ ಸ್ಟೇಷನ್ ಸರ್ಟಿಫಿಕೇಟೂ ಬೇಕಾಗಿತ್ತು, ಕನಿಷ್ಠ ಒಂದೂವರೆ ತಿಂಗಳು ಮುಂಚೆ ಶುರು ಮಾಡಿ, ಈಗಿನ ನಿಯಮ, ಯಾವ ಹಡಗು ಹೋಗ್ತಿದೆ ಅನ್ನೋದನ್ನ ಲಕ್ಷದ್ವೀಪ ಪ್ರವಾಸೋದ್ಯಮದವರ ಹತ್ರನೇ ಕೇಳಿ. ವಾಂತಿ ಮಾತ್ರೆ ಡಾಕ್ಟರನ್ನ ಕೇಳಿ, ಹಡಗು ಬಿಡೋಕೆ ಮುಂಚೆನೇ ತಗೊಳ್ಳಲಿ, ಶುರುವಾದ್ಮೇಲೆ ತಗೊಂಡ್ರೆ ಪ್ರಯೋಜನ ಕಮ್ಮಿ. ಬಿಪಿ ಶುಗರ್ ಮಾತ್ರೆ ಎರಡು ಪಾಲು ಮಾಡಿ ಬೇರೆ ಬೇರೆ ಬ್ಯಾಗಲ್ಲಿಡಿ. ನಡು ಸಮುದ್ರದಲ್ಲಿ ಮೊಬೈಲ್ ಸಿಗ್ನಲ್ ಇರಲ್ಲ, ಇದು ನಿಮಗೆ ಹೇಳ್ತಿರೋದು, ನನ್ನ ಮಗಳು ಮೊದಲನೇ ರಾತ್ರಿ ಫೋನ್ ಹೋಗ್ತಿಲ್ಲ ಅಂತ ನಿದ್ದೆನೇ ಮಾಡಿರ್ಲಿಲ್ಲ.

ಟಿಕೆಟ್ ಮಾಡ್ಸೋ ಮುಂಚೆ ಮನೇಲಿ ಒಂದು ಕೆಲಸ ಮಾಡಿ. ಜಗಲಿ ಕಟ್ಟೆನೋ ಎತ್ತರದ ಮೆಟ್ಟಿಲೋ ಇರೋ ಕಡೆ ಅಮ್ಮನ್ನ ನಿಲ್ಸಿ, ನೀವು ಒಂದು ಕಡೆ ಅಪ್ಪ ಒಂದು ಕಡೆ ಮೊಣಕೈ ಕೆಳಗೆ ಹಿಡ್ಕೊಂಡು ಗಟ್ಟಿ ಕಾಲು ಮುಂದಿಟ್ಟು ಇಳಿಯೋಕೆ ಹೇಳಿ, ಹಾಗೇ ವಾಪಸ್ ಹತ್ತಿಸಿ. ಬರೋವಾಗ ದೋಣಿಯಿಂದ ಹಡಗಿಗೆ ಹತ್ತೋದೂ ಇರುತ್ತಲ್ಲ. ಎರಡು ಮೂರು ಸಲ ನೋವಿಲ್ದೆ ಆದ್ರೆ ಧೈರ್ಯವಾಗಿ ಬುಕ್ ಮಾಡಿ. ಆಗ್ಲಿಲ್ಲ ಅಂದ್ರೆ ಫಿಸಿಯೋಥೆರಪಿ ಮಾಡಿಸ್ಕೊಂಡು ಮುಂದಿನ ಚಳಿಗಾಲಕ್ಕೆ ಹೋಗ್ಲಿ, ದ್ವೀಪ ಅಲ್ಲೇ ಇರುತ್ತೆ. ಹೆಂಗಾಯ್ತು ಅಂತ ಇಲ್ಲೇ ಕೆಳಗೆ ಬರೀರಿ, ನಾನು ನೋಡ್ತಿರ್ತೀನಿ.