ಪೆನ್ನುಗಳಿಗಿಂತ ಮೊದಲು ಹೊರಬರಬೇಕಾದದ್ದು

ಪ್ರಶ್ನೆ: ನಾನು ಕುಮಟಾ ತಾಲೂಕಿನ ನಿವೃತ್ತ ಹೈಸ್ಕೂಲು ಶಿಕ್ಷಕ, ವಯಸ್ಸು 71. ನಲವತ್ತು ವರ್ಷಗಳಲ್ಲಿ ಕೂಡಿಸಿದ 118 ಶಾಯಿ ಪೆನ್ನುಗಳು ನನ್ನ ಕಪಾಟಿನಲ್ಲಿವೆ. ನನ್ನ ತಂದೆಯವರು ಬರೆಯುತ್ತಿದ್ದ ದಪ್ಪನೆಯ ಎಬೊನೈಟ್ (ಗಟ್ಟಿ ರಬ್ಬರು) ಪೆನ್ನೂ, ಶಿಷ್ಯರು ನನ್ನ ಹೆಸರು ಕೆತ್ತಿಸಿ ಕೊಟ್ಟ ಕೆಲವು ಪೆನ್ನುಗಳೂ ಅದರಲ್ಲಿ ಸೇರಿವೆ. ದೀಪಾವಳಿ ಕಳೆದ ಮೇಲೆ ಈ ಮನೆಯನ್ನು ತಮ್ಮನಿಗೆ ಬಿಟ್ಟು ನಾವಿಬ್ಬರೂ ಬೆಂಗಳೂರಿಗೆ ಮಗನ ಮನೆಗೆ ಹೋಗುವವರಿದ್ದೇವೆ. ಅಲ್ಲಿ ಜಾಗ ಕಡಿಮೆ, ಮಗನಿಗೆ ಇದರಲ್ಲಿ ಆಸಕ್ತಿಯಿಲ್ಲ, ನನಗೂ ಎರಡು ವರ್ಷಗಳಿಂದ ಕೈ ನಡುಗುತ್ತದೆ. ವ್ಯಾಪಾರಿಯೊಬ್ಬರು ಬಂದು ನೋಡಿ, ಚಿನ್ನದ ನಿಬ್ಬುಗಳಿಗೆ ತೂಕದ ಲೆಕ್ಕ, ಉಳಿದದ್ದಕ್ಕೆಲ್ಲ ಸೇರಿ ಒಂದು ಮೊತ್ತ ಎಂದಿದ್ದಾರೆ. ನಾನು ಕಲಿಸಿದ ಶಾಲೆಗೇ ಕೊಟ್ಟುಬಿಡಲೇ ಎಂದೂ ಅನ್ನಿಸುತ್ತದೆ. ಕೆಲವು ಪೆನ್ನುಗಳಿಗೆ ನಾನು ಕೊಟ್ಟ ನಿಜವಾದ ಬೆಲೆ ನನ್ನ ಹೆಂಡತಿಗೆ ತಿಳಿಯದು. ಮಾಡಿನ ಹಂಚು ಬದಲಿಸಲು ದುಡ್ಡಿಲ್ಲ ಎಂದು ಹೇಳಿದ ವರ್ಷವೂ ಕೊಂಡಿದ್ದೇನೆ. ಏನು ಮಾಡಲಿ?

ಉತ್ತರ: ಮಾನ್ಯರೇ, ತಮ್ಮ ಪತ್ರವನ್ನು ಮೂರು ಸಲ ಓದಿದೆ. ಮಾರುವುದೋ ದಾನ ಮಾಡುವುದೋ ಎಂಬುದು ತಮ್ಮ ಪ್ರಶ್ನೆಯಾಗಿ ಕಾಣುತ್ತದೆಯಾದರೂ, ತಮ್ಮನ್ನು ತಡೆದು ನಿಲ್ಲಿಸಿರುವುದು ಕೊನೆಯಲ್ಲಿ ಬರೆದ ಎರಡು ಸಾಲುಗಳೇ ಎಂದು ನನಗೆ ತೋರುತ್ತದೆ. ಒಂದು ಪೆನ್ನು ಮಾರಾಟವಾದರೆ ಅದರ ಬೆಲೆ ಮನೆಯಲ್ಲಿ ಕೇಳಿಬರುತ್ತದೆ, ಬೆಲೆ ಕೇಳಿಬಂದರೆ ಹಳೆಯ ಸುಳ್ಳು ಎದ್ದು ಕೂರುತ್ತದೆ. ಎಲ್ಲವನ್ನೂ ಒಟ್ಟಿಗೆ ಕೊಂಡೊಯ್ಯುವ ವ್ಯಾಪಾರಿಯೂ, ಬೆಲೆಯ ಮಾತೇ ಬಾರದ ದಾನವೂ ತಮಗೆ ಹಿತವಾಗಿ ಕಾಣುತ್ತಿರುವುದಕ್ಕೆ ಈ ಅಂಜಿಕೆಯೂ ಒಂದು ಕಾರಣವಿರಬಹುದಲ್ಲವೇ?

ಆದ್ದರಿಂದ ಒಂದೇ ಒಂದು ಪೆನ್ನು ಕಪಾಟಿನಿಂದ ಹೊರಹೋಗುವ ಮೊದಲು ತಾವು ತಮ್ಮ ಪತ್ನಿಗೆ ಇದನ್ನು ಹೇಳಬೇಕು. ಹಂಚು ಬದಲಿಸದ ಆ ಮಳೆಗಾಲದಲ್ಲಿ ಸೋರುವ ಕಡೆಗಳಲ್ಲೆಲ್ಲ ಪಾತ್ರೆಯಿಟ್ಟು, ತುಂಬಿದಾಗಲೆಲ್ಲ ಎತ್ತಿ ಚೆಲ್ಲಿದವರು ಯಾರು ಎಂಬುದು ನಮ್ಮ ಕರಾವಳಿಯ ಮನೆಗಳನ್ನು ಬಲ್ಲ ಎಲ್ಲರಿಗೂ ಗೊತ್ತು. ಆಕೆಗೆ ಹೇಗೂ ತಿಳಿದಿರಬಹುದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳಬೇಡಿ. ತಿಳಿದಿದ್ದರೂ ತಮ್ಮ ಬಾಯಿಂದ ಕೇಳುವುದು ಬೇರೆಯೇ. ಯಾವ ಪೆನ್ನು, ಯಾವ ವರ್ಷ, ಎಷ್ಟು ರೂಪಾಯಿ ಎಂಬುದನ್ನು ನೆನಪಿದ್ದಷ್ಟು ನೇರವಾಗಿ ಹೇಳಿ. ಆಕೆ ಸಿಟ್ಟಾದರೆ ಆಗಲಿ, ಎರಡು ದಿನ ಮಾತು ಬಿಟ್ಟರೆ ಬಿಡಲಿ. ಮಾರಿದ ಹಣವನ್ನು ಯಾವುದಕ್ಕೆ ಬಳಸಬೇಕೆಂಬ ತೀರ್ಮಾನವನ್ನು ಆಕೆಗೇ ಒಪ್ಪಿಸುತ್ತೇನೆ ಎಂದು ಹೇಳುವಷ್ಟು ಮನಸ್ಸು ತಮಗಿದ್ದರೆ ಅದನ್ನೂ ಆಗಲೇ ಹೇಳಿ.

ಇಷ್ಟಾದ ಮೇಲೆ ಒಂದು ನೂರು ಪುಟದ ನೋಟುಪುಸ್ತಕ ತನ್ನಿ. ತಮ್ಮ ಕೈ ನಡುಗುವುದರಿಂದ ತಾವು ಹೇಳಿ, ಬರೆಯಲು ಆಕೆ ಒಪ್ಪಿದರೆ ಆಕೆಯೇ ಬರೆಯಲಿ. ಪೆನ್ನಿನ ಹೆಸರು, ಎಲ್ಲಿಂದ ಬಂತು, ಶಾಯಿ ತುಂಬುವ ಬಗೆ, ನಿಬ್ಬಿನ ಮೇಲಿನ ಅಕ್ಷರಗಳು, ಬಿರುಕು ಅಥವಾ ತುಕ್ಕು, ಕೊಂಡ ಬೆಲೆ, ಇಷ್ಟು ಸಾಕು. ಈ ಪಟ್ಟಿಯ ಮಹತ್ವವನ್ನು ನಾನು ಕಳೆದುಕೊಂಡು ಕಲಿತಿದ್ದೇನೆ. ನಮ್ಮ ಮಾವನವರು ತೀರಿಕೊಂಡ ವರ್ಷ ಅವರ ಹನ್ನೊಂದು ಪೆನ್ನುಗಳನ್ನು ನಾವು ಅವಸರದಲ್ಲಿ ಒಬ್ಬರಿಗೆ ಕೊಟ್ಟುಬಿಟ್ಟೆವು. ಯಾವುದು ಅವರ ಮೊದಲ ಸಂಬಳದ್ದು, ಯಾವುದು ಉಡುಗೊರೆಯಾಗಿ ಬಂದದ್ದು ಎಂದು ಕೇಳಿದರೆ ಇಂದು ಹೇಳುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ವ್ಯಾಪಾರಿಯ ಮಾತಿಗೆ ಬರುತ್ತೇನೆ. ಒಟ್ಟಿಗೆ ಕೊಳ್ಳುವವನು ಕಡಿಮೆ ಬೆಲೆ ಕೊಡುವುದು ಮೋಸವೇನಲ್ಲ. ಬಿಡಿಬಿಡಿಯಾಗಿ ಮಾರುವ ಶ್ರಮ ಅವನ ಪಾಲಿಗೆ ಹೋಗುತ್ತದೆ. ನಿಬ್ಬಿಗೆ ತೂಕದ ಲೆಕ್ಕ ಎಂಬ ಮಾತನ್ನು ಮಾತ್ರ ಖಂಡಿತ ಒಪ್ಪಬೇಡಿ. 14 ಕ್ಯಾರೆಟ್ಟಿನ ನಿಬ್ಬಿನಲ್ಲಿ ನೂರಕ್ಕೆ ಸುಮಾರು 58 ಪಾಲು ಮಾತ್ರ ಚಿನ್ನ, ಬಹುಪಾಲು ನಿಬ್ಬುಗಳ ಇಡೀ ತೂಕವೇ ಒಂದು ಗ್ರಾಮನ್ನು ಮುಟ್ಟುವುದಿಲ್ಲ. ನಿಬ್ಬು ಕಿತ್ತ ಪೆನ್ನು ಬರೆಯುವ ವಸ್ತುವಾಗಿ ಉಳಿಯುವುದೂ ಇಲ್ಲ. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51ರಂಥ ಪೆನ್ನು ತಮ್ಮಲ್ಲಿದ್ದರೆ ಅದರ ಬೆಲೆ ಇರುವುದು ಇಡಿಯಾಗಿ, ಬರೆಯುವ ಸ್ಥಿತಿಯಲ್ಲಿ. ಅದರ ರೂಪವನ್ನೇ ಹೋಲುವ ಚೀನಾದ ಹೀರೋ ಪೆನ್ನುಗಳು ನಮ್ಮ ಊರುಗಳಲ್ಲಿ ಧಾರಾಳವಾಗಿದ್ದವು. ಎರಡಕ್ಕೂ ನಿಬ್ಬಿನ ತುದಿಯಷ್ಟೇ ಹೊರಗೆ ಕಾಣುವುದರಿಂದ ದೂರದ ನೋಟಕ್ಕೆ ಬೇರೆ ಮಾಡುವುದು ಕಷ್ಟ. ಭೂತಗನ್ನಡಿ ಹಿಡಿದು ಕ್ಯಾಪು ಮತ್ತು ಕೊಳವೆಯ ಮೇಲಿನ ಬರಹವನ್ನು ಓದಿ ಪಟ್ಟಿಯಲ್ಲಿ ಬರೆಸಿ. ಆಂಧ್ರದ ರಾಜಮಹೇಂದ್ರಿಯಲ್ಲಿ ತಯಾರಾದ ರತ್ನಂ ಪೆನ್ನು ಇದ್ದರೆ ಪ್ರತ್ಯೇಕವಾಗಿ ತೆಗೆದಿಡಿ. ಸ್ವದೇಶಿ ಪೆನ್ನಾಗಿ ಅದು ಗಾಂಧೀಜಿಯವರ ಕೈ ಸೇರಿ, 1935ರಲ್ಲಿ ಅವರು ಅದನ್ನು ಮೆಚ್ಚಿ ಪತ್ರ ಬರೆದರು ಎಂಬ ಕಾರಣಕ್ಕೆ ಅದನ್ನು ಹುಡುಕುವವರು ಇಂದಿಗೂ ಇದ್ದಾರೆ.

ಮಳೆಗಾಲದಲ್ಲಿ ಮಾರಾಟಕ್ಕೆ ಕೈ ಹಾಕಬೇಡಿ. ಈ ತಿಂಗಳುಗಳು ಪಟ್ಟಿಗೂ ಶುಚಿಗೂ ಮೀಸಲಾಗಿರಲಿ. ಕಪಾಟಿನಲ್ಲಿ ಡಾಂಬರು ಗುಳಿಗೆ ಇಟ್ಟಿದ್ದರೆ ಇಂದೇ ತೆಗೆಯಿರಿ, ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಪೆನ್ನನ್ನು ತೊಳೆಯಲು ತಣ್ಣೀರೇ ಸಾಕು. ಬಿಸಿನೀರು ತಗಲಿದರೆ ಎಬೊನೈಟಿನ ಕಪ್ಪು ಮಾಸಿ ಕಂದಾಗುತ್ತದೆ, ಸ್ಪಿರಿಟ್ಟು ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ. ಒಣಗಿದ ಶಾಯಿ ಬಿಡದಿದ್ದರೆ ನಿಬ್ಬಿನ ಭಾಗವನ್ನು ಒಂದು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನೀರಿನ ತಳದಲ್ಲಿ ನೀಲಿ ಎಳೆಗಳು ಇಳಿದು ನಿಂತಿರುವುದನ್ನು ತಾವೇ ಎಷ್ಟೋ ಸಲ ನೋಡಿರುತ್ತೀರಿ. ಹೊಳಪು ಬರಲೆಂದು ಉಜ್ಜಬೇಡಿ. ಉಜ್ಜಿದರೆ ಕಂಪನಿಯ ಕೆತ್ತನೆಯೂ ಕ್ಲಿಪ್ಪಿನ ಮೇಲಿನ ಚಿನ್ನದ ಲೇಪವೂ ಸವೆಯುತ್ತವೆ, ಸಂಗ್ರಾಹಕರು ಮೊದಲು ನೋಡುವುದು ಅವನ್ನೇ. ಒಳಗೆ ಶಾಯಿ ತುಂಬುವ ರಬ್ಬರಿನ ಚೀಲವುಳ್ಳ ಹಳೆಯ ಪೆನ್ನುಗಳಲ್ಲಿ ಚೀಲ ಗಟ್ಟಿಯಾಗಿಯೋ ಅಂಟಾಗಿಯೋ ಹೋಗಿರುವುದು ಸಾಮಾನ್ಯ, ಚೀಲವನ್ನು ಒತ್ತಲು ಪೆನ್ನಿನ ಪಕ್ಕದಲ್ಲಿರುವ ಸನ್ನೆಯನ್ನು (ಲಿವರ್) ಬಲವಂತದಿಂದ ಎತ್ತಬೇಡಿ. ಚೀಲ ಬದಲಿಸಬೇಕಾಗಿದೆ ಎಂದು ಪಟ್ಟಿಯಲ್ಲಿ ಬರೆದರೆ ಕೊಳ್ಳುವವರಿಗೆ ಅರ್ಥವಾಗುತ್ತದೆ.

ಚೌತಿಗೆ ಮಗ ಊರಿಗೆ ಬಂದರೆ ಆಗ ಅವರ ನೆರವು ಬೇಕು. ಆಸಕ್ತಿಯಿಲ್ಲ ಎಂದದ್ದಕ್ಕೆ ಮನಸ್ಸಿಗೆ ನೋವು ಮಾಡಿಕೊಳ್ಳಬೇಡಿ. 118 ಪೆನ್ನುಗಳ ಹೊಣೆ ಬೇಡ ಎಂದವರು ಒಂದು ಪೆನ್ನನ್ನು ಬೇಡ ಎನ್ನಬೇಕೆಂದೇನಿಲ್ಲ. ಕಪಾಟನ್ನು ತೋರಿಸುವ ಬದಲು ಮೂರು ಪೆನ್ನುಗಳಿಗೆ ಶಾಯಿ ತುಂಬಿಸಿ ಜಗುಲಿಯ ಮೇಲಿಟ್ಟು, ಇವುಗಳಲ್ಲಿ ಬರೆದು ನೋಡು ಎನ್ನಿ. ಒಂದನ್ನು ಆರಿಸಿಕೊಂಡರೆ ಸಂತೋಷ, ಆರಿಸಿಕೊಳ್ಳದಿದ್ದರೂ ಫೋಟೋ ತೆಗೆಯುವ ಕೆಲಸ ಅವರಿಗಿರಲಿ. ಫ್ಲ್ಯಾಶ್ ಬೇಡ, ಹಗಲಿನ ಬೆಳಕಿನಲ್ಲಿ ನಿಬ್ಬು, ಕೆತ್ತನೆ, ಬಿರುಕು ಮೂರೂ ಕಾಣುವಂತೆ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆಯಲಿ.

ನವರಾತ್ರಿಯ ಹೊತ್ತಿಗೆ ಒಳ್ಳೆಯ ಇಪ್ಪತ್ತು ಮೂವತ್ತು ಪೆನ್ನುಗಳನ್ನು ಒಂದೊಂದಾಗಿ ಸಂಗ್ರಾಹಕರಿಗೆ ತೋರಿಸಿ. ಜನ ಕೇಳುವ ಬೆಲೆಯನ್ನು ನೋಡಿ ಲೆಕ್ಕ ಹಾಕಬೇಡಿ, ಅಂಥದ್ದೇ ಪೆನ್ನು ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಎಂಬುದನ್ನು ನೋಡಿ. ಹಣ ಕೈಸೇರಿದ ಮೇಲೆಯೇ ಕಳಿಸಿ. ಹಣ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ, ಏಕೆಂದರೆ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಶಾಯಿಯನ್ನು ಪೂರ್ತಿ ಖಾಲಿ ಮಾಡಿ ಒಣಗಿಸಿ, ಗಟ್ಟಿ ಕೊಳವೆಯೊಳಗಿಟ್ಟು ಅಂಚೆಗೆ ಹಾಕಿ. ಇವು ಹೋದ ಮೇಲೆ ಉಳಿದ ಸಾಧಾರಣ ಪೆನ್ನುಗಳನ್ನು ಅದೇ ವ್ಯಾಪಾರಿಗೆ ಒಟ್ಟಿಗೆ ಕೊಡಬಹುದು. ಆಗ ಆ ವ್ಯವಹಾರದಲ್ಲಿ ತಮಗೆ ನಷ್ಟವಿಲ್ಲ.

ಶಾಲೆಗೆ ಸಂಗ್ರಹವನ್ನು ಕೊಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನೋಡಿಕೊಳ್ಳುವ ಒಬ್ಬ ವ್ಯಕ್ತಿಯಿಲ್ಲದೆ ಗಾಜಿನ ಕಪಾಟಿನಲ್ಲಿಟ್ಟ ಪೆನ್ನು ನಮ್ಮ ಕರಾವಳಿಯ ಹವೆಗೆ ಎರಡು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಉಕ್ಕಿನ ನಿಬ್ಬಿಗೆ ತುಕ್ಕು ಬರುತ್ತದೆ. ಅದರ ಬದಲು ಚೆನ್ನಾಗಿ ಬರೆಯುವ, ಹೆಚ್ಚು ಬೆಲೆಯಿಲ್ಲದ ಹತ್ತಿಪ್ಪತ್ತು ಪೆನ್ನುಗಳನ್ನು ಆರಿಸಿ, ಕೆಲವು ಶಾಯಿ ಬಾಟಲಿಗಳೊಂದಿಗೆ ಒಂದು ತರಗತಿಯ ಮಕ್ಕಳ ಕೈಗೇ ಕೊಡಿ. ತಾವೇ ಹೋಗಿ ತುಂಬುವುದನ್ನು ತೋರಿಸಿ, ಚೆಲ್ಲಿದ ಶಾಯಿಯ ಮೇಲೆ ಸೀಮೆಸುಣ್ಣದ ತುಂಡು ಇಟ್ಟು ಹೀರಿಸುವುದನ್ನೂ ತೋರಿಸಿ.

ತಮ್ಮ ಹೆಸರು ಕೆತ್ತಿದ ಪೆನ್ನುಗಳನ್ನು ಮಾರಬೇಡಿ. ಅವುಗಳಿಗೆ ಬೆಲೆಯೂ ಕಡಿಮೆ, ಕೊಟ್ಟ ಶಿಷ್ಯರಿಗೆ ಸುದ್ದಿ ಮುಟ್ಟಿದರೆ ನೋವೂ ಆಗುತ್ತದೆ. ಒಂದು ಸಣ್ಣ ಪೆಟ್ಟಿಗೆಯಲ್ಲಿ ಹಿಡಿಯುವಷ್ಟು ಅವು, ಮಗನ ಮನೆಯಲ್ಲಿ ಅಷ್ಟು ಜಾಗ ಸಿಕ್ಕೀತು.

ತಂದೆಯವರ ಎಬೊನೈಟ್ ಪೆನ್ನನ್ನು ಮಾತ್ರ ಪೆಟ್ಟಿಗೆಗೆ ಹಾಕದೆ ಬಳಸಿ. ನಡುಗುವ ಕೈಗೆ ತೆಳ್ಳನೆಯ ಪೆನ್ನಿಗಿಂತ ದಪ್ಪನೆಯದು ಹಿಡಿತ ಕೊಡುತ್ತದೆ, ಶಾಯಿ ಪೆನ್ನಿಗೆ ಒತ್ತಿ ಬರೆಯುವ ಅಗತ್ಯವೂ ಇಲ್ಲ. ಅದು ಫಿಲ್ಲರಿನಿಂದ ಕೊಳವೆಗೇ ಶಾಯಿ ಹಾಕುವಂಥದ್ದಾಗಿದ್ದರೆ ತಿರುಪಿಗೆ ಚೂರು ಸಿಲಿಕೋನ್ ಗ್ರೀಸ್ ಸವರಿ, ಶಾಯಿ ಅರ್ಧಕ್ಕಿಳಿಯುವ ಮೊದಲೇ ಮತ್ತೆ ತುಂಬಿಸುತ್ತಿರಿ. ಖಾಲಿಯಾದಷ್ಟೂ ಒಳಗಿನ ಗಾಳಿ ಹೆಚ್ಚಿ, ಅದು ಕೈಯ ಬಿಸಿಗೆ ಹಿಗ್ಗಿ, ಶಾಯಿಯನ್ನು ನಿಬ್ಬಿನಿಂದ ಹೊರದೂಡಿ ಕಾಗದದ ಮೇಲೆ ಚೆಲ್ಲುತ್ತದೆ.