ಐದು ಗಾಡಿ ಹೋದರೆ ಲೆಕ್ಕಕ್ಕೆ ಸಿಗೋದು ಎರಡೇ!

ಪ್ರಶ್ನೆ: ಆರ್ಡುಯಿನೋ ಯುನೋಗೆ (ಕೋಡ್ ತುಂಬಿ ಓಡಿಸುವ ಪುಟ್ಟ ಬೋರ್ಡ್) ಪಿಐಆರ್ ಸೆನ್ಸರ್ (ಚಲನೆ ಪತ್ತೆ ಹಚ್ಚುವ ಸಾಧನ) ಜೋಡಿಸಿ ರಸ್ತೆಯಲ್ಲಿ ಹೋಗುವ ಗಾಡಿ ಎಣಿಸುತ್ತಿದ್ದೇನೆ. ಐದು ಗಾಡಿ ಸಾಲಾಗಿ ಹೋದರೆ ಒಂದೋ ಎರಡೋ ಅಂತ ತೋರಿಸುತ್ತದೆ. ರಸ್ತೆ ಖಾಲಿ ಇದ್ದಾಗಲೂ ಒಮ್ಮೊಮ್ಮೆ ಸಂಖ್ಯೆ ಏರುತ್ತದೆ. ಕೋಡ್ ಮೂರು ಸಲ ಬದಲಿಸಿದೆ. ತಪ್ಪೆಲ್ಲಿದೆ?

ಉತ್ತರ: ಪಾಪ, ಕೋಡನ್ನು ಸುಮ್ನೆ ಬೈಯಬೇಡಿ. ಪಿಐಆರ್‌ಗೆ ಗಾಡಿ ಕಾಣುವುದೇ ಇಲ್ಲ, ಕಾಣುವುದು ಅದರ ಮುಂದೆ ಸರಿದಾಡುವ ಬಿಸಿ ಅಷ್ಟೆ. ನಾಯಿ ನಡೆದರೂ ಒಂದು, ಬಿಸಿಲಿಗೆ ಕಾದ ಕೊಂಬೆ ಅಲ್ಲಾಡಿದರೂ ಒಂದು. ಇನ್ನು ಎಲ್ಲರೂ ಕೊಳ್ಳುವ ಪಿಐಆರ್ ಮಾದರಿ ಎಚ್‌ಸಿ-ಎಸ್‌ಆರ್501 ಒಮ್ಮೆ ಎಚ್ಚೆತ್ತರೆ, ಅದರ ಸಮಯದ ತಿರುಪನ್ನು ಎಷ್ಟೇ ಕೆಳಗಿಳಿಸಿದರೂ ಸುಮಾರು 3 ಸೆಕೆಂಡು 'ಹೈ' (ಅಂದರೆ 'ಏನೋ ಇದೆ' ಎಂಬ ಸಂಕೇತ) ಆಗಿಯೇ ಇರುತ್ತದೆ, ಆಮೇಲೆ ಎರಡೂವರೆ ಸೆಕೆಂಡು ಕಣ್ಣು ಮುಚ್ಚುತ್ತದೆ, ಅಷ್ಟರಲ್ಲಿ ನಿಮ್ಮ ನಾಲ್ಕು ಗಾಡಿ ದಾಟಿ ಹೋಗಿರುತ್ತವೆ! ಅದು ಇರುವುದೇ ಮನುಷ್ಯ ಬಂದಾಗ ದೀಪ ಹಚ್ಚುವುದಕ್ಕೆ.

ಒಂದೇ ಸಾಲಿನ ರಸ್ತೆಯಾದರೆ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದ ಬಿಟ್ಟು ಅದರ ಪ್ರತಿಧ್ವನಿಯಿಂದ ದೂರ ತಿಳಿಯುವಂಥದ್ದು) ಹಾಕಿ. 4 ಮೀಟರ್‌ವರೆಗೆ ದೂರ ಅಳೆಯುತ್ತದೆ. 60 ಮಿಲಿಸೆಕೆಂಡಿಗೊಮ್ಮೆ ಅಳೆದರೆ, 60 ಕಿ.ಮೀ. ವೇಗದ 4 ಮೀಟರ್ ಕಾರು ನಾಲ್ಕು ಸಲ ಸಿಗುತ್ತದೆ. ಅದೇ ವೇಗದ ಬೈಕು ಎರಡೇ ಸಲ, ಹಾಗಾಗಿ ಅಲ್ಲಿ ಸ್ವಲ್ಪ ತಪ್ಪಿ ಹೋಗುತ್ತೆ ಅಂತ ಒಪ್ಪಿಕೊಂಡುಬಿಡಿ. ಅಕ್ಕಪಕ್ಕ ಎರಡು ಗಾಡಿ ಬಂದರೂ ಒಂದೇ ಲೆಕ್ಕ.

ಈಗ ಕೋಡಿಗೆ ಬನ್ನಿ. ಗಾಡಿ ಎದುರಿಗಿರುವಷ್ಟು ಹೊತ್ತೂ ಎಣಿಸುತ್ತಾ ಕೂರಬಾರದು, 'ಇಲ್ಲ' ಇದ್ದದ್ದು 'ಇದೆ' ಆದಾಗ ಮಾತ್ರ ಒಂದು ಕೂಡಿಸಿ. 'ಇದೆ' ಅನ್ನಲು 250 ಸೆಂ.ಮೀ.ಗಿಂತ ಕಡಿಮೆ, 'ಹೋಯಿತು' ಅನ್ನಲು 300ಕ್ಕಿಂತ ಜಾಸ್ತಿ ಅಂತ ಎರಡು ಬೇರೆ ಗಡಿ ಇಟ್ಟುಕೊಳ್ಳಿ. ಒಂದೇ ಗಡಿ ಇಟ್ಟರೆ ಅದರ ಮೇಲೆ ಅಲುಗಾಡುವ ಅಳತೆ ಒಂದೇ ಲಾರಿಯನ್ನು ಮೂರು ಮಾಡಿಬಿಡುತ್ತದೆ. ಪ್ರತಿಧ್ವನಿಯ ಸಮಯ ಅಳೆಯುವ ಆಜ್ಞೆ ಪಲ್ಸ್‌ಇನ್‌ಗೆ 25,000 ಮೈಕ್ರೋಸೆಕೆಂಡ್ ಮಿತಿ ಕೊಡಿ, ಇಲ್ಲದಿದ್ದರೆ ಪ್ರತಿಧ್ವನಿಗಾಗಿ ಒಂದು ಸೆಕೆಂಡಿನವರೆಗೂ ಕಾಯಲು ಅದು ತಯಾರು. ಕೋಡನ್ನೇ ನಿಲ್ಲಿಸಿ ಕಾಯಿಸುವ ಡಿಲೇ ಬಳಸಿದ್ದರೆ ತೆಗೆದು, ಬೋರ್ಡ್ ಶುರುವಾದಾಗಿನಿಂದ ಎಷ್ಟು ಮಿಲಿಸೆಕೆಂಡ್ ಆಯಿತೆಂದು ಹೇಳುವ ಮಿಲಿಸ್ ಹಾಕಿ.

ಪ್ರಶ್ನೆ: ಮಿಲಿಸ್ ಸುಮಾರು 50 ದಿನಕ್ಕೆ ಸೊನ್ನೆಗೆ ಮರಳುತ್ತದಂತೆ, ಆಗ ಲೆಕ್ಕ ಕೆಡಲ್ವಾ? ಕರೆಂಟ್ ಹೋದರೆ ಎಣಿಕೆಯ ಗತಿ?

ಉತ್ತರ: 'ಈಗಿನದು ಕಳೆ ಹಿಂದಿನದು' ಎಂದು ಋಣ ಸಂಖ್ಯೆ ಇಲ್ಲದ ಬಗೆಯಾದ ಅನ್‌ಸೈನ್ಡ್ ಲಾಂಗ್‌ನಲ್ಲಿ ಕಳೆದರೆ ಏನೂ ಕೆಡುವುದಿಲ್ಲ. ಎಣಿಕೆಯನ್ನು ಕರೆಂಟ್ ಹೋದರೂ ಅಳಿಯದ ಮೆಮೊರಿಯಾದ ಇಇಪ್ರಾಮ್‌ನಲ್ಲಿ ಗಂಟೆಗೊಮ್ಮೆ ಬರೆದಿಡಿ. ಪ್ರತಿ ಗಾಡಿಗೂ ಬರೆಯಲು ಹೋಗಬೇಡಿ, ಒಂದು ಜಾಗಕ್ಕೆ ಸುಮಾರು 1 ಲಕ್ಷ ಸಲ ಬರೆಯುವಷ್ಟೇ ಆಯುಸ್ಸು.