ಅವಕಾಶ ಸಿಕ್ಕಿತೋ, ರಜೆ ಸಿಕ್ಕಿತೋ?

ಪ್ರಶ್ನೆ: ಹಿಂದಿ ಮಾತಾಡುವ ನನ್ನ ಸಹೋದ್ಯೋಗಿಯೊಬ್ಬರು 'ಮೈ ಅವಕಾಶ್ ಪರ್ ಹೂಂ' ಎಂದು ಮೆಸೇಜ್ ಹಾಕಿದ್ದರು. ಎಲ್ಲೋ ಒಳ್ಳೆಯ ಅವಕಾಶ ಸಿಕ್ಕಿರಬೇಕು ಅಂದುಕೊಂಡು ಶುಭಾಶಯ ಹೇಳಿಬಿಟ್ಟೆ. ನೋಡಿದರೆ ಅವರು ಜ್ವರ ಬಂದು ರಜೆ ಹಾಕಿದ್ದಾರೆ! ಪದದ ಅರ್ಥ ಕೆಡಿಸಿದ್ದು ಅವರೋ, ನಾವೋ?

ಉತ್ತರ: ಯಾರೂ ಕೆಡಿಸಿಲ್ಲ, ಮೇಡಂ. ಸಂಸ್ಕೃತದಲ್ಲಿ ಅವಕಾಶ ಅಂದರೆ ತೆರಪು, ಅಷ್ಟೇ. ಎರಡು ವಸ್ತುಗಳ ನಡುವೆ ತೆರಪಿದ್ದರೆ ಜಾಗ, ಎರಡು ಕೆಲಸಗಳ ನಡುವೆ ಇದ್ದರೆ ಬಿಡುವು. ಹಿಂದಿಯವರು ಬಿಡುವನ್ನು ಹಿಡಿದುಕೊಂಡರು. ನಮ್ಮ ಸಿ.ಎಲ್., ಅಂದರೆ ಕ್ಯಾಶುಯಲ್ ಲೀವ್, ಅವರ ಕಚೇರಿಗಳಲ್ಲಿ 'ಆಕಸ್ಮಿಕ ಅವಕಾಶ್'. ಮರಾಠಿಯವರು ಜಾಗವನ್ನು ಹಿಡಿದು ಎಷ್ಟು ಎತ್ತರಕ್ಕೆ ಹೋದರು ಅಂದರೆ, ಬಾಹ್ಯಾಕಾಶ ನೌಕೆಗೆ 'ಅವಕಾಶಯಾನ' ಅನ್ನುತ್ತಾರೆ. ತೆಲುಗಿನವರು ಮಾತ್ರ ಹೆಚ್ಚುಕಮ್ಮಿ ನಮ್ಮ ಹಾಗೇ.

ನನಗೆ ಜಾಸ್ತಿ ಇಷ್ಟವಾಗಿದ್ದು ಮಲಯಾಳಂ. ಅಲ್ಲಿ ಅವಕಾಶ ಅಂದರೆ ಹಕ್ಕು. ಮಾನವ ಹಕ್ಕು 'ಮನುಷ್ಯಾವಕಾಶಂ'. 2005ರ ಮಾಹಿತಿ ಹಕ್ಕು ಕಾಯ್ದೆ 'ವಿವರಾವಕಾಶ ನಿಯಮಂ'. ಆಸ್ತಿಗೆ ವಾರಸುದಾರ 'ಅವಕಾಶಿ'. ನಾವು 'ದಯವಿಟ್ಟು ಒಂದು ಅವಕಾಶ ಕೊಡಿ' ಎಂದು ಕೈಕಟ್ಟಿ ನಿಂತು ಕೇಳುವುದನ್ನು ಅವರು ಎದೆಯುಬ್ಬಿಸಿ ಕೇಳುತ್ತಾರೆ!

ಹಾಗಂತ ಕನ್ನಡ ಹಳೆಯ ಅರ್ಥಗಳನ್ನು ಬಿಟ್ಟುಕೊಟ್ಟಿಲ್ಲ. ಸ್ಥಳಾವಕಾಶದಲ್ಲಿ ಜಾಗ ಇದೆ, ಕಾಲಾವಕಾಶದಲ್ಲಿ ಸಮಯ ಇದೆ. 'ಒಳಗೆ ಬರಲು ಅವಕಾಶವಿಲ್ಲ' ಅನ್ನುವ ಬೋರ್ಡಿನಲ್ಲಿ ಅದೇ ಪದ ಅನುಮತಿಯಾಗುತ್ತದೆ. 'ಸಾವಕಾಶವಾಗಿ ಬನ್ನಿ' ಅನ್ನುತ್ತೇವಲ್ಲ, ಅದನ್ನು ಬಿಡಿಸಿ ನೋಡಿ: ಸ ಮತ್ತು ಅವಕಾಶ. ಬಿಡುವು ಮಾಡಿಕೊಂಡು, ಅವಸರವಿಲ್ಲದೆ ಅಂತ. ನಿಮ್ಮ ಸಹೋದ್ಯೋಗಿಯ 'ಅವಕಾಶ್' ನಮ್ಮ ಮಾತಿನೊಳಗೇ ಕೂತಿದೆ, ಅಲ್ವಾ?

ಇನ್ನೊಂದು ತಮಾಷೆ. ನಾವು ರಜೆ ಅನ್ನುವ ಪದ ಅರಬ್ಬಿಯಿಂದ ಬಂದದ್ದು. ಮೂಲದಲ್ಲಿ ಅದಕ್ಕೆ ಒಪ್ಪಿಗೆ ಎಂಬ ಅರ್ಥ. ಹಿಂದಿಯ 'ರಜಾಮಂದಿ'ಯಲ್ಲಿ ಆ ಅರ್ಥ ಇನ್ನೂ ಹಾಗೇ ಇದೆ. ನಮ್ಮಲ್ಲಿ ಸಾಹೇಬರ ಒಪ್ಪಿಗೆಯೇ ರಜೆಯಾಯಿತು.

ತಲೆನೋವು ಇರುವುದು ಅನುವಾದದಲ್ಲಿ. ನಾನು ಕರಡು ತಿದ್ದುವ ಕೆಲಸದವನು. ಒಮ್ಮೆ 'ಅವಕಾಶ ಪಡೆದ ಶಿಕ್ಷಕರು' ಎಂಬ ಸಾಲು ಬಂತು. ಯಾವ ಅವಕಾಶ ಎಂದು ಹಿಂದಿ ಮೂಲ ತೆಗೆಸಿ ನೋಡಿದೆ. 'ಅವಕಾಶ್‌ಪ್ರಾಪ್ತ್' ಎಂದಿತ್ತು. ಪಾಪ, ಅವರು ನಿವೃತ್ತ ಮೇಷ್ಟ್ರು. ಗೊತ್ತಿಲ್ಲದ ಪದವಾದರೆ ನಿಘಂಟು ತೆಗೆಯುತ್ತೇವೆ. ಇಂಥ ಪರಿಚಿತ ಮುಖದ ಪದವನ್ನು ಯಾರೂ ತಡೆದು ವಿಚಾರಿಸುವುದಿಲ್ಲ.

ಪ್ರಶ್ನೆ: ಗೆಳೆಯರು ಕೊಟ್ಟ ಹಿಂದಿ ಪುಸ್ತಕದ ಮುಖಪುಟದಲ್ಲಿ 'ಉಪನ್ಯಾಸ್' ಎಂದಿದೆ. ಭಾಷಣಗಳ ಸಂಗ್ರಹವೇ? ಓದಲು ಧೈರ್ಯ ಬರುತ್ತಿಲ್ಲ.

ಉತ್ತರ: ಸುಮ್ನೆ ಹೆದರಬೇಡಿ, ಅದು ಕಾದಂಬರಿ. ಬಂಗಾಳಿಯಲ್ಲೂ ಹಾಗೇ. ಕಾದಂಬರಿಗೆ ನಾವೂ ಮರಾಠಿಯವರೂ ಸಂಸ್ಕೃತ ಕವಿ ಬಾಣಭಟ್ಟನ ಕಥಾನಾಯಕಿಯ ಹೆಸರನ್ನೇ ಇಟ್ಟುಕೊಂಡಿದ್ದೇವೆ. ಆ ಪುಸ್ತಕದೊಳಗೆ ಯಾವುದಾದರೂ ಪಾತ್ರ ಉದ್ದುದ್ದ ಭಾಷಣ ಬಿಗಿದರೆ ಅದಕ್ಕೆ ನಾನು ಜವಾಬ್ದಾರನಲ್ಲ.